ಬೀಳಗಿಗೆ ಸೊನ್ನೆ ಬೇಡ

...ಅಥವಾ ಆ ಫೋನ್ ಪೆಟ್ಟಿಗೆ ಬಂದದ್ದು ಅಣೆಕಟ್ಟಿನ ಹಿನ್ನೀರಿಗಿಂತ ಮೊದಲೋ? ಇಲ್ಲ, ಆಮೇಲೆಯೇ ಇರಬೇಕು. ಮೊದಲೇ ಬಂದಿದ್ದರೆ ನಾನು ಹೇಳಹೊರಟಿದ್ದಕ್ಕೆ ಅರ್ಥವೇ ಉಳಿಯುವುದಿಲ್ಲ. ಅರ್ಥ ಉಳಿಯಲೆಂದು ನಾನೇ ಪೆಟ್ಟಿಗೆಯನ್ನು ಆ ವರ್ಷದಿಂದ ಈ ವರ್ಷಕ್ಕೆ ಸರಿಸಿರಲೂಬಹುದು. ನನ್ನ ನೆನಪಿಗೆ ಆ ಚಟ ಇದೆ. ಒಂದನ್ನು ಮಾತ್ರ ಆಣೆ ಮಾಡಿ ಹೇಳಬಲ್ಲೆ: ಜಗತ್ತಿನಲ್ಲಿ ಸೊನ್ನೆಗೆ ಮರ್ಯಾದೆ ಕೊಟ್ಟ ಏಕೈಕ ಮನುಷ್ಯ ನಮ್ಮ ಕಾಕಾ!

ಕಾಕಾನದು ರಬಕವಿಯಲ್ಲಿ ಸೀರೆ ವ್ಯಾಪಾರ. ಮುಂದೆ ಅಂಗಡಿ, ಹಿಂದೆ ಮಗ್ಗದ ಶೆಡ್ಡು, ಮೇಲೆ ಮನೆ. ಒಂದು ಕೂಗು ಹಾಕಿದರೆ ಮೂರೂ ಕಡೆ ಕೇಳುವಷ್ಟು ಜಾಗ. ಅಷ್ಟರಲ್ಲೇ ಅವನು ದೊಡ್ಡ ಕಚೇರಿಗಳಲ್ಲಿ ಇರುವಂಥ ಫೋನ್ ಪೆಟ್ಟಿಗೆಯೊಂದನ್ನು ತಂದು ಗೋಡೆಗೆ ಹೊಡೆಸಿದ. ಲೈನು ಒಂದೇ, ಫೋನು ಮಾತ್ರ ಅಂಗಡಿಯ ದುಡ್ಡಿನ ಗಲ್ಲೆಯ ಮೇಲೆ, ಶೆಡ್ಡಿನಲ್ಲಿ, ಅಡಿಗೆಮನೆಯಲ್ಲಿ. ಕೆಳಗಿನಿಂದ ಬಟನ್ ಒತ್ತಿ ಚಹಾ ಕೇಳಿದ ಮೊದಲ ದಿನವೇ ಅವನ ಹೆಂಡತಿ ಕಾಕು ಮೆಟ್ಟಿಲ ಮೇಲಿಂದ ಬಗ್ಗಿ, "ಬಾಯಿ ಬಿದ್ದ ಹೋಗೇತೇನ್ರಿ?" ಎಂದಳು. ಶೆಡ್ಡಿನ ಕಥೆ ಇನ್ನೂ ಚೆನ್ನ. ಮಗ್ಗಗಳ ಗದ್ದಲದಲ್ಲಿ ಅಲ್ಲಿಯ ಗಂಟೆ ಯಾರಿಗೆ ಕೇಳಬೇಕು? ಕಾಕಾ ಫೋನ್ ಕೆಳಗಿಟ್ಟು, ಶೆಡ್ಡಿಗೆ ಓಡಿ, ಫೋನ್ ಬಂದಿದೆ ಎತ್ತು ಎಂದು ನೇಕಾರನಿಗೆ ಕೂಗಿ ಹೇಳಿ, ಮತ್ತೆ ಓಡಿಬಂದು ಅವನೊಡನೆ ಫೋನಿನಲ್ಲಿ ಮಾತಾಡುತ್ತಿದ್ದ.

ಯಾರ ಫೋನು ಎಂದು ನಂಬರ್ ತೋರಿಸುವ ಸೌಲಭ್ಯ ನಮ್ಮೂರಿಗೆ ಬಂದಾಗ ಸೊನ್ನೆಯ ಪ್ರವೇಶವಾಯಿತು. ಹೊರಗಿನ ಊರಿನ ಕರೆ ಬಂದರೆ ಪರದೆಯ ಮೇಲೆ ಊರ ಕೋಡು, ನಂಬರು ಎರಡೂ ಮೂಡುತ್ತಿದ್ದವು. ಮುಂದೆ ಸೊನ್ನೆ ಇರುತ್ತಿರಲಿಲ್ಲ. ಹಾಗೇ ಒತ್ತಿದರೆ ಹೋಗದು. ಜಮಖಂಡಿಯಿಂದ ಬಂದ ಮೆಕ್ಯಾನಿಕ್, ಹೊರಗಿನ ನಂಬರಿಗೆಲ್ಲ ಪೆಟ್ಟಿಗೆಯೇ ಮುಂದೊಂದು ಸೊನ್ನೆ ಹಚ್ಚುವ ಹಾಗೆ, ನಮ್ಮ ಕೋಡಿನವೇ ಆದರೆ ಕೋಡನ್ನು ಕಿತ್ತುಹಾಕುವ ಹಾಗೆ ಹೊಂದಿಸಿಕೊಟ್ಟ. ಕಾಕಾನಿಗೆ ಅದರಲ್ಲಿ ದೊಡ್ಡ ತತ್ವ ಕಂಡಿತು. ಹೊರಗಿನವರನ್ನು ರೀ ಹಚ್ಚದೆ ಕರೆಯುತ್ತೇವೆಯೇ? ಇಲ್ಲ. ಮನೆಮಕ್ಕಳಿಗೆ ರೀ ಹಚ್ಚುತ್ತೇವೆಯೇ? ಅದೂ ಇಲ್ಲ. "ನಮ್ಮ ಮಾತಿನ್ಯಾಗ ಮರ್ಯಾದಿ ಹಿಂದ ಹತ್ತತೈತಿ, ಈ ಪೆಟಗ್ಯಾಗ ಮುಂದ ಹತ್ತತೈತಿ. ಅಷ್ಟ ಫರಕ," ಎಂದು ಸೀರೆ ಕೊಳ್ಳಲು ಬಂದವರಿಗೆಲ್ಲ ಪಾಠ ಮಾಡಿದ. ಸೀರೆ ತೋರಿಸುವುದು ಆಮೇಲೆ!

ಮೆಕ್ಯಾನಿಕ್ ಚೀಲ ಕಟ್ಟುವಾಗ ಕಾಕಾ ಇನ್ನೊಂದು ನಿಯಮ ಹೇಳಿದ. ಬೀಳಗಿ ಕಡೆಯ ನಂಬರಿಗೆ ಸೊನ್ನೆ ಬೇಡ, ಕೋಡೂ ಬೇಡ. ಅದು ಹೊರಗಿನ ಊರಲ್ಲ, ತಂಗಿಯನ್ನು ಕೊಟ್ಟ ಊರು. ಹಾಗೆ ಮಾಡಿದರೆ ಅಲ್ಲಿಗೆ ತಿರುಗಿ ಫೋನ್ ಹಚ್ಚಲು ಬರುವುದಿಲ್ಲ ಎಂದು ಅವನು ಹೇಳಿದನೋ ಇಲ್ಲವೋ, ಹೇಳಿದ್ದರೂ ಕಾಕಾ ಕೇಳುವವನಲ್ಲ.

ಆ ತಂಗಿ, ಎಂದರೆ ನನ್ನ ಸೋದರತ್ತೆ, ಅಷ್ಟೊತ್ತಿಗೆ ಕಾಕಾನ ಜೊತೆ ಮಾತು ಬಿಟ್ಟು ಬಹಳ ದಿನವಾಗಿತ್ತು. ಹಿನ್ನೀರು ಬಂದು ಹೊಳೆದಂಡೆಯ ಅವರ ಮನೆ ಮುಳುಗಿದಾಗ ಕಾಕಾ ರಬಕವಿಗೇ ಬಂದುಬಿಡಿ ಎಂದಿದ್ದ. ಮಾವ ಒಪ್ಪದೆ ಪುನರ್ವಸತಿಯ ಪ್ಲಾಟಿನಲ್ಲೇ ಮನೆ ಕಟ್ಟುತ್ತೇನೆ ಎಂದರು. ಕಾಕಾ ಸುಮ್ಮನಿರಬೇಕೋ ಬೇಡವೋ? "ಮನಿ ಹೊಳಿಪಾಲಾತು, ಸೊಕ್ಕ ಅಷ್ಟ ತೇಲಾಕತ್ತೇತಿ," ಎಂದುಬಿಟ್ಟ. ಅತ್ತೆ ನಮ್ಮ ಮನೆಯ ಒಳಗಿನಿಂದ ಕೇಳಿಸಿಕೊಂಡಳು. ಹೊಸ್ತಿಲ ಮೇಲೆ ನಿಂತು, "ಇವತ್ತಿಂದ ನಾ ಈ ಮನಿಗಿ ಹೊರಗಿನಾಕಿ," ಎಂದು ಹೇಳಿ ಹೋದವಳು ನಾಗರಪಂಚಮಿಗೂ ತವರಿಗೆ ಬರಲಿಲ್ಲ. ಅವರ ಹೊಸ ಮನೆಗೆ ಫೋನ್ ಬಂದಿದೆ ಎಂಬ ಸುದ್ದಿ ಮಾತ್ರ ಬಂತು, ನಂಬರು ಬರಲಿಲ್ಲ. ಕಾಕಾ ಬಾಯಿಬಿಟ್ಟು ಕೇಳಲೂ ಇಲ್ಲ. ಅದರ ಬದಲು ಪೆಟ್ಟಿಗೆ ತರಿಸಿದ.

ಮುಂದಿನ ಪಂಚಮಿ ಹತ್ತಿರ ಬಂದಾಗ ಒಂದು ನಂಬರಿನಿಂದ ಮಿಸ್ ಕಾಲ್ ಬರತೊಡಗಿತು. ಎರಡು ಸಲ ಗಂಟೆ, ಆಮೇಲೆ ಕಟ್. ಆ ಕಾಲದಲ್ಲಿ ಮಿಸ್ ಕಾಲ್ ಎಂದರೆ ನೀನೇ ತಿರುಗಿ ಹಚ್ಚು ಎಂದರ್ಥ. ಪರದೆಯ ಮೇಲೆ ಸೊನ್ನೆಯಿಲ್ಲದ, ಕೋಡಿಲ್ಲದ ಬರಿ ನಂಬರು. ಕಾಕಾ ಹಚ್ಚಿದರೆ ಎತ್ತುತ್ತಿದ್ದವನು ಪಕ್ಕದ ಬನಹಟ್ಟಿಯ ಹಿಟ್ಟಿನ ಗಿರಣಿಯವನು! ನಾನು ಮಾಡಿಲ್ಲ ಎಂದು ಅವನು, ನಿನ್ನ ನಂಬರೇ ಬಂದಿದೆ ಎಂದು ಇವನು. ಜಗಳ ದಿನಚರಿಯಾಯಿತು. ಕೊನೆಗೆ ಗಿರಣಿಯವನು, "ಸಾವ್ಕಾರ್ರ, ಬೀಸಾಕ ಏನರ ಇದ್ರ ಕಳಸ್ರಿ. ಇಲ್ಲಂದ್ರ ನನ್ನ ಬೀಸಬ್ಯಾಡ್ರಿ," ಎಂದ. ಕಾಕಾ ನಾಚಿ ಗೋಧಿ ಕಳಿಸಿದ. ಪ್ರತಿ ಜಗಳಕ್ಕೂ ಕಳಿಸಿದ. ಕಾಕು ಡಬ್ಬಿಗಳೆಲ್ಲ ತುಂಬಿದ ಮೇಲೆ ಹಿಟ್ಟನ್ನು ಕೊಡದಲ್ಲಿ ತುಂಬಿಟ್ಟಳು.

ಆಮೇಲೆ ಕರೆದದ್ದು ಮೆಕ್ಯಾನಿಕ್‌ನನ್ನೇ. ಅವನು ಬಂದು ಬೀಳಗಿಯ ನಿಯಮ ನೋಡಿ ತಲೆ ಕೆರೆದುಕೊಂಡ. ಗಿರಣಿಯವನು ಹೇಳಿದ್ದು ಖರೆ ಇರಬೇಕು. ಬೀಳಗಿಯ ಕೋಡು ಕಿತ್ತುಹಾಕಿದ ಮೇಲೆ ಉಳಿಯುವ ನಂಬರು ನಮ್ಮ ಕೋಡಿನಲ್ಲೂ ಯಾರದೋ ಇರುತ್ತದೆ, ಅದೇ ಈ ಗಿರಣಿ, ಮಿಸ್ ಕಾಲ್ ಬರುತ್ತಿರುವುದು ಬೀಳಗಿಯಿಂದ ಎಂದ.

ಕಾಕಾ ಕೈಯಲ್ಲಿದ್ದ ಸೀರೆಯನ್ನು ಮಡಿಚಿದ, ಬಿಚ್ಚಿದ, ಮತ್ತೆ ಮಡಿಚಿದ.

"ಅಂದ್ರ ಆಕಿಗೂ ಸೊನ್ನಿ ಹಚ್ಚಬೇಕನ?"

"ಹಚ್ಚಬೇಕ್ರಿ. ಇಲ್ಲಂದ್ರ ಮುಟ್ಟೂದಿಲ್ಲ."

"ಆಕಿ ಹೊರಗಿನಾಕಿ ಅಲ್ಲೋ."

"ಪೆಟಗಿಗಿ ಅದೆಲ್ಲಾ ತಿಳಿಯೂದಿಲ್ರಿ, ಸಾವ್ಕಾರ್ರ."

ಕಾಕಾ ಸೀರೆ ಕೆಳಗಿಟ್ಟು ತಾನೇ ಬೆರಳಿನಿಂದ ಒತ್ತಿದ: ಸೊನ್ನೆ, ಬೀಳಗಿಯ ಕೋಡು, ಆ ನಂಬರು. ಆ ಕಡೆ ಯಾರೋ ಎತ್ತಿದರು. ತಂಗಿಯನ್ನು ಹುಟ್ಟಿದಾಗಿನಿಂದ ಲೇ, ಬೇ ಎಂದೇ ಕರೆದವನು, "ನಾ ರೀ... ರಬಕವಿಯಿಂದ ರೀ," ಎಂದ. ಆಮೇಲೆ ಕೇಳಿಸಿಕೊಳ್ಳುತ್ತ ನಿಂತ. ಮೇಲೆ ಓಡಿ ಅಡಿಗೆಮನೆಯ ಫೋನ್ ಎತ್ತಿದ್ದರೆ ನಮಗೂ ಕೇಳುತ್ತಿತ್ತು. ಕಾಕು ಅದರ ಮೇಲೆ ಕೈ ಇಟ್ಟು ಯಾರಿಗೂ ಎತ್ತಗೊಡಲಿಲ್ಲ.

ಆ ವರ್ಷದ ಪಂಚಮಿಗೆ ಅತ್ತೆ ನಮ್ಮ ಪಡಸಾಲೆಯಲ್ಲಿ ಕೂತು ಶೇಂಗಾದ ಉಂಡಿ ಕಟ್ಟಿದ ಚಿತ್ರ ನನ್ನ ಕಣ್ಣಲ್ಲಿದೆ. ಅದು ಆ ವರ್ಷದ್ದೋ, ಮನೆ ಮುಳುಗುವ ಮೊದಲಿನದೋ, ಹೇಳಲಾರೆ. ಈಗ ಕಾಕಾ ಇಲ್ಲ, ಪೆಟ್ಟಿಗೆಯೂ ಇಲ್ಲ. ಆವತ್ತು ಫೋನ್ ಎತ್ತಿದ್ದು ಅತ್ತೆಯೇ ಹೌದೋ, ಆ ಕಡೆಯಿಂದ ಏನು ಹೇಳಿದರೋ, ನನಗೆ ಗೊತ್ತಿಲ್ಲ.