ಗಾಳಿ ಬಂದಳು, ಬಾಗಿಲು ತೆಗೆ

ಓದುಗರಿಲ್ಲದ ಪತ್ರಿಕೆಯ ಸಂಪಾದಕನಿಗೂ ವರನಿಲ್ಲದ ಮದುವೆಯ ಪುರೋಹಿತನಿಗೂ ಹೆಚ್ಚು ವ್ಯತ್ಯಾಸವಿಲ್ಲ. ಇಬ್ಬರೂ ಸುಮ್ಮನೆ ಮಂತ್ರ ಹೇಳುತ್ತಿರಬೇಕು. ಕೊಯಮತ್ತೂರಿನಲ್ಲಿ ನಾನು ನಡೆಸುವ ಕನ್ನಡ ಕಲೆ-ಸಾಹಿತ್ಯದ ಪತ್ರಿಕೆ ಚೆನ್ನಾಗಿಯೇ ಖರ್ಚಾಗುತ್ತದೆ. ನನ್ನ ದುಃಖವೂ ಅದೇ. ಬಂದದ್ದೆಲ್ಲ ದಿಕ್ಕಿಲ್ಲದ ಮಕ್ಕಳ ಆಶ್ರಮಕ್ಕೆ ಹೋಗುತ್ತದೆಂದು ಜನಕ್ಕೆ ಗೊತ್ತು. ಪುಣ್ಯಕ್ಕೆಂದು ಕೊಳ್ಳುತ್ತಾರೆ, ಓದುವುದಿಲ್ಲ. ಮೆಟ್ಟುಪಾಳ್ಯಂ ತರಕಾರಿ ಮಂಡಿಯ ನೆಂಟರೊಬ್ಬರಂತೂ ಹಣ ಕೊಟ್ಟು, "ಪುಸ್ತಕ ನೀವೇ ಇಟ್ಕೊಳಿ ಅಣ್ಣಾ, ಇನ್ನೊಬ್ರಿಗೆ ಮಾರ್ಬೋದಲ್ಲ" ಎಂದು ನನಗೇ ದಾನ ಮಾಡಿದರು.

ಅವರನ್ನು ದೂರುವಂತಿಲ್ಲ. ನಮ್ಮವರಿಗೆ ಮನೆಯೊಳಗೆ ಕನ್ನಡ, ಹೊಸಿಲು ದಾಟಿದರೆ ತಮಿಳು. ಶಾಲೆಯಲ್ಲಿ ಕಲಿತ ಅಕ್ಷರವೂ ತಮಿಳೇ. ಕುನ್ನತ್ತೂರಿನ ನನ್ನ ಸೋದರತ್ತೆ ರುಕ್ಕು ಅತ್ತೆ ಪತ್ರಿಕೆಯನ್ನು ಹಿಂದೆ ಮುಂದೆ ತಿರುಗಿಸಿ, ಅಕ್ಷರದ ಅಂದ ಮೆಚ್ಚಿ, ನನ್ನನ್ನು ಎಂದಿನಂತೆ ಮುದ್ದಿಗೆ 'ಕಣ್ಣು' ಎಂದು ಕರೆದು, "ಜಿಲೇಬಿ ಮಾದ್ರಿ ರೊಂಬ ಅಳಗಾಗಿದೆ ಕಣ್ಣು. ಆನಾ ನಮ್ಗೆ ಕನ್ನಡ ಬಾಯಲ್ಲಿ ಬರ್ತದೆ, ಕಣ್ಣಲ್ಲಿ ಬರಲ್ಲ" ಎಂದುಬಿಟ್ಟರು.

ಆದರೆ ಈ ಸಲದ ಸಂಚಿಕೆಯನ್ನು ಅತ್ತೆ ಓದಲೇಬೇಕಿತ್ತು. ಅದರಲ್ಲಿ ಅಮ್ಮನ ಮೇಲೆ ನಾನು ಬರೆದ ಪದ್ಯವಿತ್ತು. ಕುನ್ನತ್ತೂರಿನ ಮನೆಯಲ್ಲಿ ಎರಡು ಮಗ್ಗ. ಒಂದು ಅಮ್ಮನದು, ಒಂದು ಅತ್ತೆಯದು. ಬೇಸಿಗೆಯ ಧಗೆ ಕಳೆದು, ತಮಿಳರ ಆಷಾಢವಾದ ಆಡಿ ತಿಂಗಳಲ್ಲಿ ಮದುಕ್ಕರೈ ಕಡೆಯಿಂದ ಮೊದಲ ಗಾಳಿ ನುಗ್ಗಿದಾಗ ಅಮ್ಮ ಲಾಳಿ ಕೆಳಗಿಟ್ಟು, ಸೆರಗಿನಲ್ಲಿ ಕತ್ತು ಒರೆಸಿಕೊಂಡು, "ಗಾಳಿ ಬಂದ್ಳು, ಬಾಗ್ಲು ತೆಗಿ!" ಎಂದು ಕೂಗುತ್ತಿದ್ದಳು. "ನೂಲು ಸಿಕ್ಕಾಗ್ತದೆ, ಮುಚ್ಚು!" ಎಂದು ಅತ್ತೆ ಗದರುತ್ತಿದ್ದರು. ಬಾಗಿಲ ಬಳಿ ನಿಂತ ನಾನು ಯಾವಾಗಲೂ ಅಮ್ಮನ ಪಕ್ಷ. ಅಮ್ಮ ಹೋದಳು, ಮಗ್ಗಗಳೂ ಹೋದವು. ಆ ಕೂಗು ನೆನಪಿರುವವರು ಈಗ ಉಳಿದದ್ದು ಅತ್ತೆ ಮತ್ತು ನಾನು ಮಾತ್ರ.

ಅದಕ್ಕೇ ಆ ಪದ್ಯವೊಂದನ್ನು ತಮಿಳು ಲಿಪಿಯಲ್ಲಿ ಅಚ್ಚು ಹಾಕಿಸಿದೆ. "ಜಿಲೇಬಿ ಹೋಗಿ ಮುರುಕು ಬಂತು" ಎಂದಳು ನನ್ನ ಹೆಂಡತಿ. ಆ ಲಿಪಿಯಲ್ಲಿ ಕ, ಗ ಎರಡಕ್ಕೂ ಒಂದೇ ಅಕ್ಷರ. ಪದದ ಮೊದಲಲ್ಲಿದ್ದರೆ ಕ ಎಂದೇ ಓದುವುದು ರೂಢಿ. ಊರಿನವರ ಕಾಗುಣಿತವನ್ನೆಲ್ಲ ತಿದ್ದುವ ನನಗೆ ಇದು ಹೊಳೆಯಲೇ ಇಲ್ಲ.

ಆಶ್ರಮದಲ್ಲೇ ಸಂಚಿಕೆಯ ಬಿಡುಗಡೆ. ಆಡಿ ತಿಂಗಳು ಬೇರೆ, ಊರಲ್ಲೆಲ್ಲ ಅಮ್ಮನವರ ಪೂಜೆ. ಅತ್ತೆ ಕನ್ನಡಕ ಏರಿಸಿ ಗಟ್ಟಿಯಾಗಿ ಓದಿದರು: "ಕಾಳಿ ಬಂದಳು, ಬಾಗಿಲು ತೆಗೆ..."

ಮಕ್ಕಳು ಕೈ ಮುಗಿದರು. ಅಡುಗೆಯಾಕೆ ಓಡಿಹೋಗಿ ಕರ್ಪೂರ ತಂದಳು. ತಿದ್ದಲೆಂದು ಅರ್ಧ ಎತ್ತಿದ್ದ ಕೈಯನ್ನು ನಾನೂ ಇನ್ನೊಂದು ಕೈಗೆ ಸೇರಿಸಿ ಮುಗಿಯಬೇಕಾಯಿತು.

ಎಲ್ಲ ಮುಗಿದ ಮೇಲೆ ಅತ್ತೆ ಹತ್ತಿರ ಕರೆದರು. "ಇದು ನಿಮ್ಮಮ್ಮನ ಮಾತಲ್ವಾ ಕಣ್ಣು?"

ತಲೆಯಾಡಿಸಿದೆ.

"ಆನಾ ಅವ್ಳು ಗಾಳಿ ಅಂತಿದ್ಲು. ನೀನು ಕಾಳಿ ಅಂತ ಮಾಡ್ಬಿಟ್ಟೆ. ಸಾಮಿ ಹೆಸ್ರು, ತಪ್ಪಿಲ್ಲ. ಆದ್ರೂ ಅವ್ಳು ಹೇಳ್ತಿದ್ದದ್ದೇ ಚೆಂದ." ಕನ್ನಡಕ ತೆಗೆದು ಮಡಿಸುತ್ತಾ ಸೇರಿಸಿದರು, "ನಾನು ಸುಮ್ನೆ ಬಾಗ್ಲು ಮುಚ್ಚಿಸ್ತಿದ್ದೆ."

ನಾನು ಬರೆದದ್ದೂ ಗಾಳಿಯೇ ಎಂದು ಹೇಳಲು ಬಾಯಿ ತೆರೆದೆ. ಅಷ್ಟರಲ್ಲಿ ನನ್ನ ಏಕೈಕ ಓದುಗರು ಹಣೆಗೆ ಕುಂಕುಮವಿಟ್ಟು, ಬೆನ್ನು ತಟ್ಟಿ, "ಪರವಾಯಿಲ್ಲ ಕಣ್ಣು, ಬರೀತಾ ಬರೀತಾ ಬರ್ತದೆ" ಎಂದು ಸಮಾಧಾನ ಹೇಳಿದರು.