ಗೋಡೆ ದಾಟಿ ಬಂದ ಆಮೆ

ನಾನು ಹುಟ್ಟಿದ್ದು ಹೊನ್ನಾವರದ ಹತ್ತಿರ, ಕಡಲ ದಂಡೆಯ ಊರಲ್ಲಿ. ಮದುವೆಯಾಗಿ ಸರಗೂರಿನ ಪಕ್ಕದ ಹಳ್ಳಿಗೆ ಬಂದಾಗಿನಿಂದ ನೀರಿನ ಪಂಚಾಯಿತಿಯೆಲ್ಲ ನನ್ನ ಬಾಗಿಲಿಗೇ ಬರುತ್ತದೆ. ಬಾವಿ ನೀರು ಉಪ್ಪಾದರೂ ನಾನೇ ಕುಡಿದು ನೋಡಬೇಕು, ಮೀನು ಹಳಸಿದೆಯೋ ಎಂದು ನಾನೇ ಮೂಸಬೇಕು. ಊರವರದು ಒಂದೇ ಮಾತು: “ಅವ್ರು ಸಮುದ್ರದೋರು ಕಣ್ಲಾ, ಅವ್ರಿಗೆ ಗೊತ್ತಿರ್ತದೆ!” ನನಗೆ ಈಜಲೂ ಬರುವುದಿಲ್ಲ ಎಂದರೆ ಇವತ್ತಿಗೂ ಯಾರೂ ನಂಬುವುದಿಲ್ಲ.

ಗೋಡೆ

ಊರಿಗೆ ಆಗಷ್ಟೇ ಎಸ್‌ಟಿಡಿ ಬೂತು ಬಂದಿತ್ತು. ಒಂದು ಬೆಳಿಗ್ಗೆ ಕಬಿನಿ ಹಿನ್ನೀರಿನಲ್ಲಿ ಮೀನು ಹಿಡಿಯುವವನೊಬ್ಬ ಗೋಣಿಚೀಲ ಹೊತ್ತು ಬಂದ. ಒಳಗೆ ತಟ್ಟೆಯಗಲದ ಆಮೆ. ಅದರ ಬಾಯಿಂದ ಗಾಳದ ದಾರ ನೇತಾಡುತ್ತಿತ್ತು.

“ನನ್ನ ಗಾಳನೇ ಕಣವ್ವಾ. ಇದು ಸತ್ತೋದ್ರೆ ನನ್ನ ಮಕ್ಕಳಿಗೆ ಪಾಪ ತಟ್ತದೆ. ನೀವೇ ಏನಾರ ಮಾಡಿ” ಅಂದ. ಚೀಲವನ್ನು ನನ್ನ ಕಾಲ ಬಳಿ ಇಟ್ಟ.

ಅತ್ತೆ ಹೊಸ್ತಿಲಲ್ಲಿ ಕೈ ಅಡ್ಡ ಇಟ್ಟು ನಿಂತರು. “ಆಮೆ ಒಳಕ್ ಬಂದ್ರೆ ಮನೆಗೆ ಏಳ್ಗೆ ಇಲ್ಲ ಕಣಮ್ಮಿ. ಹೊಸ್ತಿಲು ದಾಟಂಗಿಲ್ಲ.”

ನೀರಿನ ಬಾನಿ ಇರುವುದು ಹಿತ್ತಲಲ್ಲಿ. ಹಿತ್ತಲಿಗೆ ಮನೆಯೊಳಗಿಂದಲೇ ದಾರಿ. ಕೊನೆಗೆ ಅವನು ಹೊರಗಡೆಯಿಂದ ಹಿತ್ತಲ ಗೋಡೆಯ ಮೇಲೆತ್ತಿ ಕೊಟ್ಟ, ನಾನು ಒಳಗಡೆ ನಿಂತು ಇಸಿದುಕೊಂಡೆ.

“ಗೋಡೆ ದಾಟಿದರೆ ಪರವಾಗಿಲ್ಲವಾ ಅತ್ತೆ?”

ಅವರು ಸ್ವಲ್ಪ ಯೋಚಿಸಿದರು. “ಗೋಡೆ ಇಚಾರ ಯಾರೂ ಏಳಿಲ್ಲ ಬುಡು.”

ಡಾಕ್ಟರು

ದನದ ಡಾಕ್ಟರನ್ನು ಕರೆಸಿದೆವು. ಅವರು ಬಾನಿಯೊಳಗೆ ಬಗ್ಗಿ, ದನದ ವಯಸ್ಸು ಕೇಳುವ ಅಭ್ಯಾಸಬಲದಿಂದ, “ಎಷ್ಟು ಹಲ್ಲಾಗಿದೆ?” ಎಂದು ಕೇಳಿದರು. ಆಮೆಗೆ ಹಲ್ಲಿಲ್ಲ ಎಂದು ಆಮೇಲೆ ಅವರೇ ನೆನಪಿಸಿಕೊಂಡರು.

ಅದು ತಲೆಯನ್ನೇ ಹೊರಗೆ ಹಾಕದು. ಎಲ್ಲರೂ ಉಸಿರು ಬಿಗಿಹಿಡಿದು ಕೂತೆವು. ಇನ್ನೇನು ಮೂಗು ಕಾಣಿಸಿತು ಎನ್ನುವಾಗ ಅತ್ತೆ ಕೆಮ್ಮುವರು, ಅದು ಒಳಗೆ ಹೋಗುವುದು. ಗಾಳ ಗಂಟಲಿಗೆ ಇಳಿದಿದ್ದರೆ ಏನೂ ಮಾಡಲಾಗದು ಎಂದು ಡಾಕ್ಟರು ಮೆಲ್ಲಗೆ ಹೇಳಿದರು. ಗಾಳದವನು ಮುಖ ಮುಚ್ಚಿಕೊಂಡ.

ಅಂತೂ ತಲೆ ಬಂತು. ಪುಣ್ಯಕ್ಕೆ ಗಾಳ ದವಡೆಯ ಮೂಲೆಯಲ್ಲೇ ಸಿಕ್ಕಿತ್ತು. ಡಾಕ್ಟರು ಇಕ್ಕಳದಲ್ಲಿ ತುಂಡರಿಸಿ ತೆಗೆದರು. ತೆಗೆದದ್ದೇ ತಡ, ಆಮೆ ಅವರ ಅಂಗಿಯ ತೋಳನ್ನು ಕಚ್ಚಿ ಹಿಡಿಯಿತು. ನೀರು ಚಿಮುಕಿಸಿದರೂ ಬಿಡಲಿಲ್ಲ, ಬೆನ್ನು ಸವರಿದರೂ ಬಿಡಲಿಲ್ಲ. “ಕತ್ತರಿ ತನ್ನಿ” ಎಂದರು ಡಾಕ್ಟರು. ಆಮೆಯ ಕತ್ತಿಗೇ ಇಡುತ್ತಾರೆಂದುಕೊಂಡು ನಾನು ಕಣ್ಣು ಮುಚ್ಚಿದೆ. ಅವರು ಕತ್ತರಿಸಿದ್ದು ಅಂಗಿಯ ತೋಳನ್ನು. ಸರಗೂರಿನ ಬಸ್ಸಿಗೆ ಒಂದು ತುಂಬುತೋಳು, ಒಂದು ಅರೆತೋಳಿನಲ್ಲಿ ಹತ್ತಿದರು.

ಫೋನು

ಗಾಯ ಮಾಯತೊಡಗಿತು. ಆದರೆ ಆಮೆ ಯಾವುದಕ್ಕೂ ಬಾಯಿ ಹಾಕಲಿಲ್ಲ. ಸೊಪ್ಪು ಹಾಕಿದೆ, ಎರೆಹುಳ ಹಾಕಿದೆ. ಪಕ್ಕದ ಮನೆಯಾಕೆ, “ನಮ್ಮೂರ ಆಮೆ ಅಲ್ವಾ?” ಎಂದು ಮುದ್ದೆ ಮುರಿದು ಹಾಕಿದಳು. ಗಾಳದವನು ದಿನಾ ಗೋಡೆಯ ಮೇಲಿಂದ ಇಣುಕಿ “ಉಣ್ತಾ ಅವ್ವಾ?” ಎನ್ನುವನು. ಇಲ್ಲ ಎನ್ನಲು ನನಗೇ ಹೆದರಿಕೆ.

ತಡೆಯಲಾರದೆ ಬೂತಿಗೆ ಹೋಗಿ ತವರಿನ ಅಣ್ಣನಿಗೆ ಫೋನು ಮಾಡಿದೆ. “ಅಣ್ಣಾ, ಏನೂ ತಿನ್ನುತ್ತಿಲ್ಲ, ಮಂಕಾಗಿ ಕೂತಿದೆ” ಎಂದು ಅಳುವ ದನಿಯಲ್ಲಿ ಶುರುಮಾಡಿದೆ. ಆಮೆಯ ವಿಷಯ ಎಂದು ತಿಳಿದ ಮೇಲೆ ಅವನಿಗೆ ನಗು.

“ನಂಗೇನ್ ಗೊತ್ತು ಮಾರಾಯ್ತಿ? ಇಲ್ಲಿ ಬಲೆಗೆ ಬಿದ್ರೆ ಬಲೆ ಕತ್ತರಿಸಿ ಕಡಲಿಗೆ ಬಿಡ್ತೇವೆ. ನೀವು ಹೊಳೆಯವರು, ನಿಮಗೇ ಗೊತ್ತಿರಬೇಕು!”

ಬಾಗಿಲು

ಬೂತಿನಿಂದ ಬಂದು ನೋಡುತ್ತೇನೆ, ಅತ್ತೆ ಬಾನಿಯ ಪಕ್ಕ ಕೂತಿದ್ದಾರೆ. ಮಡಿಲಲ್ಲಿ ತವರಿನಿಂದ ಬಂದ ನನ್ನ ಒಣ ಸೀಗಡಿಯ ಡಬ್ಬ! ಆ ವಾಸನೆಗೆ ಮೂಗು ಮುಚ್ಚಿಕೊಂಡು ಊರಿಗೆಲ್ಲ ಕೇಳುವಂತೆ ಬೈಯುತ್ತಿದ್ದವರು, ಒಂದೊಂದೇ ನೆನೆಸಿ ನೀರಿಗೆ ಬಿಡುತ್ತಿದ್ದಾರೆ. “ತಿನ್ನು ಮಗ, ನಮ್ಮ ಸೊಸೆ ಊರಿಂದು.” ಆಮೆ ಗಬಗಬ ತಿನ್ನುತ್ತಿತ್ತು.

ಅದು ಚುರುಕಾದ ಮೇಲೆ ಹಿನ್ನೀರಿಗೆ ಬಿಡಲು ಗಾಳದವನು ಬಂದ. “ಇವತ್ತು ಸುಕ್ರವಾರ. ಹೆಣ್ಮಕ್ಕಳನ್ನ ಕಳಿಸಂಗಿಲ್ಲ” ಎಂದು ಅತ್ತೆ ವಾಪಸು ಅಟ್ಟಿದರು. ಅದು ಹೆಣ್ಣೆಂದು ಅವರಿಗೆ ಹೇಳಿದವರು ಯಾರೋ!

ಮರುದಿನ ಅವನು ಹಿತ್ತಲ ಗೋಡೆಯಾಚೆ ಕೈ ಚಾಚಿಕೊಂಡು ನಿಂತ. ಅತ್ತೆ ಆಮೆಯನ್ನು ಎತ್ತಿಕೊಂಡರು, ಬೆನ್ನಿಗೆ ಕುಂಕುಮ ಇಟ್ಟರು, ಗೋಡೆಯ ಕಡೆ ತಿರುಗದೆ ಸೀದಾ ಅಡುಗೆಮನೆಗೆ ನುಗ್ಗಿದರು.

“ಅತ್ತೆ, ಹೊಸ್ತಿಲು!” ಎಂದು ಕೂಗಿಕೊಂಡು ಹಿಂದೆ ಓಡಿದೆ.

ಅಷ್ಟರಲ್ಲಿ ಅವರು ನಡುಮನೆ ದಾಟಿ ಮುಂಬಾಗಿಲಿಗೆ ಬಂದಾಗಿತ್ತು.

“ಸುಮ್ಕಿರಮ್ಮಿ” ಅಂದರು. “ಗೋಡೆ ಆರ್ಕೊಂಡ್ ಓಗಾಕೆ ಇವ್ಳೇನು ಯಾವನ ಜೊತೇಲಾರ ಓಡೋಯ್ತಾವ್ಳಾ?”