ಜಬ್ಬಾರನ ತಿರುಗುವ ಅಂಗಡಿ

ಜಬ್ಬಾರನ ಅಂಗಡಿ ಮೊಬೈಲಿನಲ್ಲಿ ಗಿರಗಿರನೆ ತಿರುಗುತ್ತದೆ ಎಂಬ ಸುದ್ದಿ ಗೌಸನಿಗೆ ಮುಟ್ಟಿದ್ದು ಶನಿವಾರ ಬೆಳಗಿನ ಚಹಾದ ಜೊತೆ, ಅದೂ ಹೆಂಡತಿಯ ಬಾಯಿಂದ. ಆಮೇಲೆ ಚಹಾ ಲೋಟದಲ್ಲೇ ಆರಿತು.

ಚನ್ನಪಟ್ಟಣದಲ್ಲಿ ಇಬ್ಬರದೂ ಬೊಂಬೆ ಅಂಗಡಿ. ರಸ್ತೆಯ ಪೂರ್ವಕ್ಕೆ ಜಬ್ಬಾರ್, ಎದುರಿಗೆ ಗೌಸ್. ಅವನು ಬಾಗಿಲಲ್ಲಿ ಒಂದು ಮರದ ಕುದುರೆ ನಿಲ್ಲಿಸಿದರೆ ಇವನು ಎರಡು ನಿಲ್ಲಿಸುವ ಪೈಕಿ. ಈಗ ನೋಡಿದರೆ ಮ್ಯಾಪಿನಲ್ಲಿ ಅವನ ಅಂಗಡಿಯ ಫೋಟೊ ಬೆರಳು ಎಳೆದತ್ತ ತಿರುಗುತ್ತಿದೆ!

"ಕೆಂಗಲ್ ಗುಡಿಗೆ ಬರೋ ಕಾರೆಲ್ಲ ಅದನ್ನೇ ನೋಡ್ಕಂಡು ಅವ್ರ ಅಂಗ್ಡಿಗೇ ಹೋಯ್ತವೆ. ನೀವು ನೊಣ ಹೊಡೀತಾ ಕೂತ್ಕಳಿ," ಎಂದಳು ಅಮೀರುನ್ನೀಸಾ.

ಗೌಸ್ ಲೋಟ ಕೆಳಗಿಟ್ಟು ಅಂಗಡಿಗೆ ನಡೆದ. ಅಂಗಡಿಯ ನಡುವೆ ನಿಂತು, ಮೊಬೈಲ್ ಹಿಡಿದು, ತಾನೇ ಬುಗುರಿಯಂತೆ ಸುತ್ತಿ ಫೋಟೊ ತೆಗೆದ. ಬೊಂಬೆಗಳು ಜಬ್ಬಾರನವಕ್ಕಿಂತ ಮಿಂಚಲೆಂದು ಯಾವುದೋ ಆಪಿನಲ್ಲಿ ಬಣ್ಣ ಏರಿಸಿ ಮ್ಯಾಪಿಗೆ ಹಾಕಿದ. ಫೋಟೊ ತಿರುಗಲಿಲ್ಲ, ಲಟ್ಟಿಸಿದ ಚಪಾತಿಯಂತೆ ಅಡ್ಡಡ್ಡ ಮಲಗಿತು.

ಸ್ಟುಡಿಯೋ ಅನಂತರಾಜುವಿನ ಹತ್ತಿರ ಓಡಿದ. ಅವನು ಕಂಪ್ಯೂಟರಿನಲ್ಲಿ ಬಿಡಿಸಿ ತೋರಿಸಿದ.

"ನೋಡಿ ಭಾಯ್, ಇಂಥ ಫೋಟೊದೊಳಗೆ ಕಣ್ಣಿಗೆ ಕಾಣ್ದಂಗೆ ಎಕ್ಸ್‌ಎಂಎಲ್ ಅಂತ ನಾಕು ಸಾಲು ಬರ್ದಿರ್ತದೆ. ಇದು ಸುತ್ತಾಕಿ ನೋಡೋ ಫೋಟೊ, ಅಗಲ ಇಷ್ಟು, ತೆಗೆದೇಟ್ಗೆ ಮೊದ್ಲು ಈ ದಿಕ್ಕು ತೋರ್ಸು ಅಂತ. ನಿಮ್ಮ ಬಣ್ಣದ ಆಪು ಅದ್ನೆಲ್ಲ ಅಳಿಸಾಕ್ಬುಟ್ಟೈತೆ."

"ಜಬ್ಬಾರ್‌ದ್ರಲ್ಲಿ ಐತಾ?"

"ಐತೆ. ನಾನೇ ಮಾಡ್ಕೊಟ್ಟಿದ್ದು."

"ಅವೇ ಸಾಲು ನಂದ್ಕೂ ಹಾಕು."

"ಹಾಕ್ತೀನಿ. ಒಂದು ಸಾಲು ಮಾತ್ರ ಒಸಿ ಬದಲಾಯಿಸ್ಬೇಕು ಭಾಯ್, ಯಾಕಂದ್ರೆ ಅವ್ರ ಅಂಗ್ಡಿ..."

"ಯಾಕ್ಲಾ ಬದಲಾಯಿಸ್ತೀಯ? ಅವನಿಗೆ ಒಳ್ಳೇದು, ನನಗೆ ಕಳಪೆನಾ? ಅವಂದು ಹೆಂಗೈತೋ ಹಂಗೇ ಹಾಕು! ಒಂದು ಚುಕ್ಕಿ ಆಚೀಚೆ ಆಗ್ಬಾರ್ದು!"

ಅನಂತರಾಜು ತಲೆ ಕೆರೆದುಕೊಂಡು ಹಂಗೇ ಹಾಕಿದ.

ಆಹಾ, ತಿರುಗಿತು! ತೆರೆಯುವುದೇ ತಡ, ಗೌಸ್ ಬೆರಳಿನಲ್ಲಿ ಗಿರಕಿ ಹೊಡೆಸಿದ್ದೇ ಹೊಡೆಸಿದ್ದು. ಮಧ್ಯಾಹ್ನ ಊಟವೂ ಬೇಕಾಗಲಿಲ್ಲ.

ಸಂಜೆ ಕಾರೊಂದು ನೇರ ಅವನ ಬಾಗಿಲಿಗೇ ಬಂದು ನಿಂತಿತು. ಗೌಸ್ ಟೋಪಿ ಸರಿಮಾಡಿಕೊಂಡು ಎದ್ದ. ಇಳಿದ ಹೆಂಗಸು ಮೊಬೈಲ್ ನೋಡಿದಳು, ಗೌಸನಿಗೆ ಬೆನ್ನು ಮಾಡಿ ರಸ್ತೆ ದಾಟಿ ಜಬ್ಬಾರನ ಅಂಗಡಿಗೆ ಹೋದಳು. ಹಿಂದೆ ಬಂದ ಕಾರಿನವರೂ ಅಷ್ಟೇ. ಮೂರನೆಯವರನ್ನು ಗೌಸ್ ಅಡ್ಡಗಟ್ಟಿದ.

"ಅಮ್ಮಾ, ಗೌಸ್ ಅಂಗ್ಡಿ ಇದು!"

"ಗೊತ್ತು, ನಿಮ್ಮ ಫೋಟೊ ನೋಡ್ಕಂಡೇ ಬಂದ್ವಿ," ಎಂದು ಆಕೆ ಮೊಬೈಲ್ ತೆರೆದು ತೋರಿಸಿದಳು.

ಜಬ್ಬಾರನ ಸಾಲಿನಲ್ಲಿ ಬರೆದಿದ್ದಂತೆಯೇ ಫೋಟೊ ತೆರೆದುಕೊಂಡದ್ದು ಪೂರ್ವಕ್ಕೆ. ಜಬ್ಬಾರನ ಅಂಗಡಿಯಲ್ಲಿ ಪೂರ್ವಕ್ಕೆ ಬೊಂಬೆಯ ಕಪಾಟು. ಗೌಸನ ಅಂಗಡಿಯಿಂದ ಪೂರ್ವಕ್ಕೆ ಬಾಗಿಲು, ರಸ್ತೆ, ಆಚೆಗೆ ಜಬ್ಬಾರನ ಬೋರ್ಡು, ಅದರ ಕೆಳಗೆ ಹಲ್ಲು ಕಿರಿಯುತ್ತ ಜಬ್ಬಾರ್. ಬಣ್ಣ ಏರಿಸಿದ್ದರಿಂದ ಹಲ್ಲು ಫಳಫಳ ಹೊಳೆಯುತ್ತಿತ್ತು.

ಅಂಗಡಿ ಮುಚ್ಚುವ ಹೊತ್ತಿಗೆ ಜಬ್ಬಾರ್ ಮೈಸೂರು ಪಾಕಿನ ಡಬ್ಬಿ ಹಿಡಿದು ಬಂದು ಗೌಸನನ್ನು ತಬ್ಬಿಕೊಂಡ.

"ನಂದು ಒಂದೇ ಫೋಟೊ ಇತ್ತು ಭಾಯ್, ನೀವು ಎರಡು ಮಾಡ್ಬುಟ್ರಿ!"

ಅವನು ಹೋದ ಮೇಲೆ ಅಮೀರುನ್ನೀಸಾ ಒಂದು ತುಂಡು ಬಾಯಿಗೆ ಹಾಕಿಕೊಂಡಳು.

"ಎಂಥಾ ದೊಡ್ಡ ಮನಸು ನೋಡಿ. ನೀವೂ ಜಬ್ಬಾರ್ ಭಾಯಿನ ನೋಡಿ ಅವ್ರಂಗೇ ಮಾಡೋದ್ನ ಒಸಿ ಕಲೀಬಾರ್ದಾ?"